ಸೊಸೆ ಹೊಗಳುವುದನ್ನು ಕಲಿತದ್ದು

ಊರ ಸುದ್ದಿ ಹುಡುಕಿಕೊಂಡು ನಾನು ಯಾವತ್ತೂ ಹೋದವಳಲ್ಲ. ಅದೇ ಬಂದು ಬೆಲ್ಲು ಒತ್ತಿ, ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕೂತು ಕಾಫಿ ಕೇಳುತ್ತದೆ. ಬಂದ ಅತಿಥಿಯನ್ನು ಆಚೆ ಕಳಿಸುವುದಕ್ಕಾಗುತ್ತದೆಯೇ? ಮೈಸೂರಿನ ಅಗ್ರಹಾರದಲ್ಲಿ ಇದ್ದಾಗಲೂ ಹೀಗೇ. ಸ್ಯಾನ್ ಹೊಸೆಯ ಎವರ್‌ಗ್ರೀನ್‌ನಲ್ಲಿರುವ ಮಗನ ಮನೆಗೆ ಬಂದಾಗ, ಇಲ್ಲಿ ಮನೆಮನೆಗೂ ಬೇಲಿ, ಬೀದಿಯಲ್ಲಿ ನರಪಿಳ್ಳೆ ಇಲ್ಲ, ಇನ್ನು ನನ್ನ ಬಾಯಿಗೆ ಬೀಗವೇ ಸರಿ ಎಂದುಕೊಂಡಿದ್ದೆ. ಆದರೆ ನಮ್ಮವರು ಎಲ್ಲಿಗೆ ಹೋದರೂ ಉಪ್ಪಿನಕಾಯಿ ಭರಣಿಯ ಜೊತೆ ತಂತಮ್ಮ ಗುಣಗಳನ್ನೂ ಗಂಟು ಕಟ್ಟಿಕೊಂಡೇ ಬಂದಿರುತ್ತಾರೆ. ಅದರ ಮೇಲೆ ಆ ವರ್ಷ ನಮ್ಮ ಸೊಸೆ ಕಾಲೇಜಿನಿಂದ ಒಂದು ಪುಸ್ತಕ ತಂದಳು. ಅಲ್ಲಿಗೆ ಕೇಳಬೇಡಿ.

ಇಟ್ಟಿಗೆಯಂಥ ಪುಸ್ತಕ

ಸೊಸೆಗೆ ಇಲ್ಲಿಯ ಸ್ಕೂಲಿನಲ್ಲಿ ಟೀಚರಾಗುವ ಆಸೆ. ಊರಲ್ಲಿ ಮಾಡಿದ ಬಿ.ಎಸ್ಸಿ. ಸಾಲದು, ಇಲ್ಲಿ ಇನ್ನಷ್ಟು ಓದಬೇಕು ಅಂದರಂತೆ. ಓದಿದಳು. ಗಣಿತ, ವಿಜ್ಞಾನ ಎಲ್ಲ ನೀರು ಕುಡಿದ ಹಾಗೆ ಮುಗಿಸಿದಳು. ಕೊನೆಗೆ ಉಳಿದದ್ದು ಇಂಗ್ಲಿಷ್ ಸಾಹಿತ್ಯದ ಒಂದೇ ಒಂದು ಕ್ಲಾಸು. ಅದರಲ್ಲಿ ಆಗಲೇ ಒಂದು ಸಲ ಫೇಲಾಗಿದ್ದಳು.

ನನ್ನ ಮಗ ಊಟಕ್ಕೆ ಕೂತಾಗ ತೀರ್ಪು ಕೊಟ್ಟ. "ಈ ಸಲವೂ ಆಗ್ಲಿಲ್ಲ ಅಂದ್ರೆ ಕಾಲೇಜು ಸಾಕು. ನಮ್ಮ ಆಫೀಸಿನ ಪಕ್ಕದ ಫ್ಯಾಕ್ಟರೀಲಿ ಮಾತಾಡಿದೀನಿ. ಕಂಪ್ಯೂಟರ್ ಬೋರ್ಡಿಗೆ ಬೆಸುಗೆ ಹಾಕೋ ಕೆಲಸ. ಕೂತ್ಕೊಂಡು ಮಾಡೋದು, ಆರಾಮ."

ಮಕ್ಕಳ ಮುಂದೆ ನಿಂತು ಪಾಠ ಹೇಳಬೇಕು ಎಂದಿದ್ದವಳಿಗೆ ಕೂತು ಬೆಸುಗೆ ಹಾಕು ಅಂದರೆ ಹೇಗಿರುತ್ತದೆ! ಅವಳು ಸಾರಿನ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು. ಮಗನ ಷರಟು ಒಗೆಯುವುದಕ್ಕೆ ಹೋಯಿತು.

ಆ ಕ್ಲಾಸಿನ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರೋ ಬರೆದದ್ದಂತೆ, ನಗಿಸುವ ಪುಸ್ತಕವಂತೆ. ಅದನ್ನು ಓದುವಾಗ ಸೊಸೆಯ ಮುಖ ನೋಡಿದರೆ ಸಾವಿನ ಮನೆಯಿಂದ ಬಂದ ಹಾಗಿರುತ್ತಿತ್ತು. ನಾನು ಓದಿದ್ದು ಕನ್ನಡ ಮೂರನೇ ಕ್ಲಾಸು. ಇಂಗ್ಲಿಷಿನಲ್ಲಿ ನನಗೆ ಬರುವುದು ಹಲೋ, ಥ್ಯಾಂಕ್ಯೂ, ನೋ ಮೀಟು. ಅದಕ್ಕೇ ಅಂದೆ, "ಅದೇನು ಕಥೆ, ನನಗೂ ಹೇಳೇ. ಹುರುಳಿಕಾಯಿ ಬಿಡಿಸ್ತಾ ಕೇಳ್ತೀನಿ."

ದಿನವೂ ಬೆಳಿಗ್ಗೆ ಓದಿದ್ದನ್ನು ಅವಳು ಮಧ್ಯಾಹ್ನ ಹೇಳತೊಡಗಿದಳು. ಒಬ್ಬ ಜಮೀನುದಾರ, ಅವನ ಮನೆಯಲ್ಲಿ ಒಬ್ಬ ಪಾದ್ರಿ, ಕುದುರೆ ಲಾಯದಲ್ಲಿ ಒಬ್ಬ ಹುಡುಗ. ಪಾದ್ರಿ ಬಂದಾಗಲೆಲ್ಲ ಕಥೆ ಹೇಳುವವನು "ಈ ಪುಣ್ಯಾತ್ಮರು" ಅನ್ನುತ್ತಾನೆ. ಹುಡುಗ ಬಂದಾಗಲೆಲ್ಲ "ಈ ಪಾಪಿ" ಅನ್ನುತ್ತಾನೆ. ಪಾದ್ರಿ ಉಪವಾಸದ ದಿನ ಎಲ್ಲರಿಗೂ ಉಪದೇಶ ಮಾಡಿ, ಅಡುಗೆಮನೆಯಿಂದ ಬಿಸಿ ಕಡುಬೊಂದನ್ನು ಟೋಪಿಯೊಳಗೆ ಅಡಗಿಸಿಕೊಂಡು ಹೋಗುತ್ತಾನೆ. ಹುಡುಗ ಕುಡಿಯುತ್ತಾನೆ, ಹಾಲು ಕರೆಯುವ ಹುಡುಗಿಯ ಹಿಂದೆ ತಿರುಗುತ್ತಾನೆ. ಒಂದು ದಿನ ಬಡ ಮುದುಕಿಯೊಬ್ಬಳ ಬಾತುಕೋಳಿಯ ಕಾಲು ಜೊಂಡಿಗೆ ಸಿಕ್ಕಿಕೊಂಡು ಅದು ಮುಳುಗತೊಡಗಿದಾಗ ಈ ಪಾಪಿ ಬಟ್ಟೆಯ ಸಮೇತ ಕೆರೆಗೆ ಹಾರುತ್ತಾನೆ. ಪುಣ್ಯಾತ್ಮರು ದಡದ ಮೇಲೆ ಮೈ ನೆನೆಯದಂತೆ ನಿಂತು ಪ್ರಾರ್ಥನೆ ಮಾಡುತ್ತಾರೆ.

ಕಥೆ ಹೇಳುವವನಿದ್ದಾನಲ್ಲ, ಅವನು ಸುಮ್ಮನೆ ಹೇಳಿಕೊಂಡು ಹೋಗುವ ಪೈಕಿಯಲ್ಲ. ಕಡುಬು ಟೋಪಿಯೊಳಗೆ ಹೋಗುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, ಓದುವವರನ್ನು ಮಾತಾಡಿಸಿ, ಟೋಪಿಯ ವಿಚಾರ, ಹವೆಯ ವಿಚಾರ, ತನ್ನ ಮಂಡಿನೋವಿನ ವಿಚಾರ ಎಲ್ಲ ಹೇಳಿ, ಆಮೇಲೆ ನಿಧಾನವಾಗಿ ಕಡುಬಿಗೆ ಬರುತ್ತಾನೆ.

"ಇವನಿಗೆ ನೆಟ್ಟಗೆ ಕಥೆ ಹೇಳೋಕೇ ಬರಲ್ಲ ಅತ್ತೆ" ಎಂದು ಸೊಸೆ ತಲೆ ಹಿಡಿದುಕೊಂಡಳು.

"ಅಯ್ಯೋ, ಅವನಿಗೆ ಬರೋದು ಅದೊಂದೇ ಕಣೇ. ಕಾಯಿಸಿ ಕಾಯಿಸಿ ಬಡಿಸ್ತಾನೆ!" ಅಂದೆ ನಾನು.

ವಾರವೆಲ್ಲ ನಮ್ಮಿಬ್ಬರಿಗೂ ಇದೇ ಮಾತು. ಒಂದು ಸಂಜೆ ಮಗ ಕೇಳಿಯೇಬಿಟ್ಟ. "ಯಾರಮ್ಮ ಅದು, ದಿನಾ ಬೈತಿರ್ತೀಯ? ನಮ್ಮ ಕನ್ನಡ ಬಳಗದೋರಾ?"

"ಅವರು ಹೋಗಿ ಇನ್ನೂರು ವರ್ಷ ಆಯ್ತು ರೀ" ಅಂದಳು ಸೊಸೆ.

"ಸತ್ತೋರನ್ನ ಯಾಕಮ್ಮ ಬೈತೀಯ?"

"ಸತ್ತರೆ ಸತ್ತ" ಅಂದೆ. "ಕಡುಬು ವಾಪಸ್ ಕೊಟ್ಟು ಸತ್ತನಾ?"

ಕೆಂಪು ಇಂಕು

ಆ ಪಾದ್ರಿಯ ಮೇಲೆ ಬರೆದುಕೊಂಡು ಬನ್ನಿ ಎಂದು ಕಾಲೇಜಿನ ಮೇಡಮ್ಮು ಹೇಳಿದ್ದರಂತೆ. ಸೊಸೆ ನನ್ನನ್ನು ಒಂದು ಮಾತೂ ಕೇಳದೆ ಟೈಪು ಮಾಡಿ ಕೊಟ್ಟು ಬಂದಳು. ಅದು ವಾಪಸು ಬಂದಾಗ ಮೈತುಂಬ ಕೆಂಪು ಇಂಕು. ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಒರಗಿಕೊಂಡು ಅತ್ತಳು.

"ಏನೇ ಬರೆದಿದ್ದೆ?"

"ಪಾದ್ರಿ ಈ ಕಥೇಲಿ ಎಲ್ಲರಿಗಿಂತ ದೊಡ್ಡ ಮನುಷ್ಯ ಅಂತ."

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಕಡುಬು ಕದ್ದೋನನ್ನಾ?"

"ಬರೆದೋನೇ ಹಾಗಂತಾನಲ್ಲ ಅತ್ತೆ! ಪುಣ್ಯಾತ್ಮ, ಪುಣ್ಯಾತ್ಮ ಅಂತ ಪುಟಕ್ಕೆ ಎರಡು ಸಲ ಹೇಳ್ತಾನೆ!"

"ಪುಟಕ್ಕೆ ಎರಡು ಸಲ ಹೇಳ್ತಾನೆ ಅಂದಾಗ್ಲೇ ನಿನಗೆ ಅನುಮಾನ ಬರಬೇಡ್ವೇನೇ?"

ತಪ್ಪು ಅವಳದಲ್ಲ. ಅವರ ತೌರುಮನೆಯಲ್ಲಿ ಎಲ್ಲರೂ ನೇರ ಮನುಷ್ಯರು. ಉಪ್ಪು ಜಾಸ್ತಿಯಾದರೆ ಉಪ್ಪು ಜಾಸ್ತಿ ಅನ್ನುತ್ತಾರೆ. ನಮ್ಮ ಅಗ್ರಹಾರದಲ್ಲಿ ಹಾಗಲ್ಲ. ಒಬ್ಬರನ್ನು ಬಾಯಿಬಿಟ್ಟು ಬೈದರೆ ಬೈದವಳಿಗೇ ಕೆಟ್ಟ ಹೆಸರು. ಅದಕ್ಕೇ ನಾವು ಹೊಗಳುತ್ತಿದ್ದೆವು. ಎದುರುಮನೆಯಾಕೆಯ ವಿಚಾರ ನಾನು ಹೇಗೆ ಹೇಳುತ್ತಿದ್ದೆ ಎಂದು ಸೊಸೆಗೆ ಹೇಳಿ ತೋರಿಸಿದೆ. "ಆಕೆಯಂಥ ಒಳ್ಳೆಯವಳು ಇನ್ನೊಬ್ಬಳಿಲ್ಲ ಪಾಪ. ತನ್ನ ಒಲೆ ಮೇಲಿನ ಹಾಲು ಉಕ್ಕಿದರೂ ಚಿಂತೆಯಿಲ್ಲ, ಬೇರೆಯವರ ಮನೇಲಿ ಏನು ಉಕ್ಕಿತು ಅಂತ ಓಡಿಹೋಗಿ ನೋಡ್ತಾಳೆ."

ಸೊಸೆ ಅಳು ನಿಲ್ಲಿಸಿದಳು. ಮೂಗು ಒರೆಸಿಕೊಂಡು ನಕ್ಕಳು.

"ಇಷ್ಟೇ ಕಣೇ. ಹೊಗಳಿಕೆ ಒಂದು ಕಡೆ ಇಡು. ಮಾಡಿದ ಕೆಲಸ ಅದರ ಪಕ್ಕ ಇಡು. ನಡುವೆ ನೀನು ಬಾಯಿ ಹಾಕಬೇಡ. ಕೇಳೋರು ತಾವೇ ನಗ್ತಾರೆ, ನೀನು ಪಾಪದ ಮುಖ ಮಾಡ್ಕೊಂಡು ಕಾಫಿ ಕುಡಿ."

"ಕಾಲೇಜಲ್ಲಿ ಇದನ್ನ ಐರನಿ ಅಂತಾರೆ ಅತ್ತೆ."

"ಹೆಸರು ಬೇರೆ ಇಟ್ಟಿದಾರಾ?"

"ಹೆಸರೇನು, ಒಂದು ಇಡೀ ಸೆಮಿಸ್ಟರು ಇಟ್ಟಿದಾರೆ."

ನಾವು ಜಗುಲಿಯ ಮೇಲೆ ತಲೆ ಬಾಚಿಕೊಳ್ಳುತ್ತಾ ಕಲಿತದ್ದಕ್ಕೆ ಇಲ್ಲಿ ಫೀಸು ತೆಗೆದುಕೊಳ್ಳುತ್ತಾರೆ ಅಂತ ಗೊತ್ತಿದ್ದರೆ, ನಾನು ಬರುವಾಗ ಉಪ್ಪಿನಕಾಯಿ ಬದಲು ನಮ್ಮ ಬೀದಿಯ ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಬರುತ್ತಿದ್ದೆ.

ಮೇಡಮ್ಮು ಕೆಟ್ಟವರಲ್ಲ. ಇನ್ನೊಂದು ಅವಕಾಶ ಇಟ್ಟಿದ್ದರು. ಆ ಕಥೆಗಾರನ ಧಾಟಿಯಲ್ಲೇ ನಿಮಗೆ ಗೊತ್ತಿರುವ ಒಬ್ಬರ ವಿಚಾರ ಬರೆಯಿರಿ, ಅದು ಸರಿಹೋದರೆ ಪಾಸು. ಸರಿಹೋಗದಿದ್ದರೆ ಬೆಸುಗೆ.

ಕಲಿತದ್ದು ಜಾಸ್ತಿಯಾಯಿತು

ಹೊಸದಾಗಿ ಕಾರು ಕಲಿತವರು ಹಾಲು ತರುವುದಕ್ಕೂ ಫ್ರೀವೇ ಹೆದ್ದಾರಿ ಹತ್ತುತ್ತಾರೆ. ನಮ್ಮ ಸೊಸೆಗೂ ಹಾಗೇ ಆಯಿತು. ಹೊಗಳಿಕೆಯ ಒಳಗೆ ಏನಿರುತ್ತದೆ ಎಂದು ಗೊತ್ತಾದದ್ದೇ ತಡ, ಲೋಕದಲ್ಲಿ ಯಾರು ಏನು ಅಂದರೂ ಅದರ ಹೊಟ್ಟೆ ಬಗೆದು ನೋಡತೊಡಗಿದಳು.

ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತ ನಮ್ಮ ಬಳಗದ ಡಾಕ್ಟರೊಬ್ಬರ ಹೆಂಡತಿ, ಪಾಪ, ಇವರು ಮಾತ್ರ ನಿಜವಾಗಿಯೂ ಪಾಪ, "ಸಾರು ತುಂಬಾ ಚೆನ್ನಾಗಿದೆ ಕಣ್ರೀ" ಅಂದರು.

ಸೊಸೆ ಸೌಟು ಹಿಡಿದು ನಿಂತುಬಿಟ್ಟಳು. "ಯಾಕೆ, ಏನಾಗಿದೆ ಸಾರಿಗೆ?"

"ಏನೂ ಆಗಿಲ್ಲ. ಚೆನ್ನಾಗಿದೆ ಅಂದೆ."

"ತುಂಬಾ ಅಂದ್ರಲ್ಲ?"

ಡಾಕ್ಟರ ಹೆಂಡತಿ ಹೆದರಿ ಹಪ್ಪಳವನ್ನು ಹೊಗಳಲು ಹೋದರು. ಹಪ್ಪಳ ಅಂಗಡಿಯಿಂದ ತಂದದ್ದು. ಅಲ್ಲಿಗೆ ಇನ್ನೂ ಕೆಟ್ಟಿತು.

ಆ ಭಾನುವಾರ ನನ್ನ ಮಗ, ಹುಟ್ಟಿದಾಗಿನಿಂದ ಯಾರ ಬಟ್ಟೆಯನ್ನೂ ನೋಡದವನು, ಅದೇನು ಹೊಳೆಯಿತೋ, "ಈ ಸೀರೆ ನಿನಗೆ ಚೆನ್ನಾಗಿ ಒಪ್ಪುತ್ತೆ" ಅಂದ. ಸೊಸೆ ಸೀರೆ ಬದಲಾಯಿಸಿ ಬಂದಳು, ಬುಧವಾರದ ತನಕ ಮಾತಾಡಲಿಲ್ಲ. ಮಗ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಏನಮ್ಮ ಕಲಿಸಿದೀಯ ಇವಳಿಗೆ? ಒಳ್ಳೆ ಮಾತಾಡಿದ್ರೂ ಜಗಳ."

ನಾನು ಬಗ್ಗಿ ಅಕ್ಕಿ ಆರಿಸುತ್ತಿದ್ದೆ. ಇಲ್ಲಿಯ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ, ಆದರೂ ಆರಿಸುತ್ತಿದ್ದೆ.

ಗುರುವಾರ ಅವನಿಗೂ ತಾಳ್ಮೆ ಕೆಟ್ಟಿತು. ತಟ್ಟೆ ಮುಂದೆ ಕೂತು, "ಇವತ್ತಿನ ಸಾರು ಬಾಯಿಗಿಡೋ ಹಾಗಿಲ್ಲ!" ಎಂದು ಗುಡುಗಿದ.

ಸೊಸೆಯ ಮುಖ ಅರಳಿತು. ನಾಚಿಕೊಂಡು ಇನ್ನೆರಡು ಸೌಟು ಬಡಿಸಿದಳು.

ಕೆಮ್ಮಿನ ಔಷಧಿ

ಈಗ ನಮ್ಮ ಕನ್ನಡ ಬಳಗದ ಅಧ್ಯಕ್ಷರ ವಿಚಾರ ಹೇಳಬೇಕು. ಹೆಸರು ಹೇಳುವುದಿಲ್ಲ. ನಾವೆಲ್ಲ ಅವರನ್ನು ಸದಾಚಾರಿಗಳು ಅನ್ನುತ್ತೇವೆ, ಅವರಿಗೂ ಅದು ಇಷ್ಟ.

ಹಬ್ಬಕ್ಕೆ ನಾಲ್ಕು ಮನೆಯವರು ಸೇರಿದರೂ ಸಾಕು, ಸದಾಚಾರಿಗಳು ಎದ್ದು ನಿಂತು ಶಲ್ಯ ಸರಿಮಾಡಿಕೊಳ್ಳುತ್ತಾರೆ. ಮಿತಾಹಾರ, ಸರಳ ಜೀವನ, ಪರೋಪಕಾರ, ಮದ್ಯಪಾನದ ಕೇಡು, ಎಲ್ಲ ಅದೇ ವರಸೆಯಲ್ಲಿ ಬರುತ್ತದೆ. ಮಿತಾಹಾರದ ಹತ್ತಿರ ಬರುವಷ್ಟರಲ್ಲಿ ಅನ್ನ ಆರಿಹೋಗಿರುತ್ತದೆ. ಮಾತು ಮುಗಿಸಿ ಮೊದಲು ಪಂಕ್ತಿಗೆ ಕೂರುವವರೂ ಅವರೇ, ಕೊನೆಗೆ ಡಬ್ಬಿ ತುಂಬಿಸಿಕೊಂಡು ಹೋಗುವವರೂ ಅವರೇ. ಡಬ್ಬಿ ಮನೆಯಿಂದಲೇ ತಂದಿರುತ್ತಾರೆ. ಮುಂದಾಲೋಚನೆ ಇರುವ ಮನುಷ್ಯ.

ಅವರು ಅತಿಯಾಗಿ ಬೈಯುತ್ತಿದ್ದದ್ದು ಒಬ್ಬ ಮಂಗಳೂರಿನ ಹುಡುಗನನ್ನು. ಮೂವತ್ತರ ವಯಸ್ಸು, ತಲೆಗೂದಲು ಕುತ್ತಿಗೆಯ ತನಕ, ಕೈಯಲ್ಲಿ ಬಿಯರು. ಮದುವೆಯಾಗದೆ ಒಬ್ಬಳು ಕೆಂಚುಕೂದಲಿನ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡಿದ್ದ. ಈ ಸುದ್ದಿ ಎಲ್ಲರಿಗೂ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ, ನನಗೆ ಗೊತ್ತಾಗಿತ್ತು, ಅಷ್ಟೇ. "ಅಂಥೋರನ್ನ ಬಾಗಿಲೊಳಗೆ ಸೇರಿಸಬಾರದು" ಎಂದು ಸದಾಚಾರಿಗಳು ಹೇಳುತ್ತಿದ್ದರು. ಆದರೆ ಹಬ್ಬದ ದಿನ ಮೇಜು ಹೊರುವುದಕ್ಕೆ ಅಂಥವನೊಬ್ಬ ಬೇಕಲ್ಲ, ಸೇರಿಸುತ್ತಿದ್ದರು.

ಒಂದು ಸಲ ಸದಾಚಾರಿಗಳ ಮನೆಯಲ್ಲಿ ಭಜನೆ. ನಾನು ಬಾತ್‌ರೂಮು ಹುಡುಕಿಕೊಂಡು ಹೋಗಿ ಬೇರೆ ಬಾಗಿಲು ತೆಗೆದುಬಿಟ್ಟೆ. ಅದು ಗ್ಯಾರೇಜು. ಅಕ್ಕಿ ಮೂಟೆಯ ಹಿಂದೆ, ಮಡಿಪಂಚೆ ಉಟ್ಟು, ಗ್ಲಾಸು ಹಿಡಿದು ಸದಾಚಾರಿಗಳು ನಿಂತಿದ್ದರು. ಒಳಗೆ ಎಲ್ಲರೂ ತಾಳ ಹಾಕುತ್ತಿದ್ದಾರೆ.

ಅವರು ಸ್ವಲ್ಪವೂ ಅಳುಕಲಿಲ್ಲ. "ಬನ್ನಿ ಅಮ್ಮಾವ್ರೇ. ಕೆಮ್ಮಿಗೆ ಔಷಧಿ" ಅಂದರು.

"ತಗೊಳ್ಳಿ, ತಗೊಳ್ಳಿ" ಅಂದೆ. "ಆದರೆ ಐಸು ಹಾಕ್ಕೊಂಡಿದೀರಲ್ಲ, ಕೆಮ್ಮು ಜಾಸ್ತಿ ಆಗೋಲ್ವೇ?"

ಫ್ರೀವೇ ಪಕ್ಕದ ಪುಣ್ಯ

ಇನ್ನೂ ಚಳಿ ಮುಗಿಯದ ಒಂದು ಶನಿವಾರ, ಲಿವರ್‌ಮೋರ್ ಗುಡ್ಡದ ದೇವಸ್ಥಾನಕ್ಕೆ ಹೋಗಿ ನಾನೂ ಸೊಸೆಯೂ ವಾಪಸು ಬರುತ್ತಿದ್ದೆವು. ಮಗ ಆಫೀಸಿಗೆ ಹೋಗಿದ್ದ, ಸೊಸೆಯೇ ಕಾರು ಓಡಿಸುತ್ತಿದ್ದಳು. ಸುನೋಲ್ ಹತ್ತಿರದ ಏರಿನಲ್ಲಿ ಕಾರಿನ ಮೂತಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಬಂತು. ಪಕ್ಕಕ್ಕೆ ನಿಲ್ಲಿಸಿದಳು. ಒಂದೊಂದು ಲಾರಿ ಹೋದಾಗಲೂ ಕಾರು ನಡುಗುತ್ತದೆ, ಕಾರಿನೊಳಗೆ ನಾನೂ ನಡುಗುತ್ತೇನೆ. ಸೋಮವಾರ ಆ ಬರಹ ಕೊಡಬೇಕು, ಅವಳು ಇನ್ನೂ ಒಂದು ಸಾಲು ಬರೆದಿರಲಿಲ್ಲ. ಯಾರ ಮೇಲೆ ಬರೆಯುವುದು ಎಂದೇ ತೋಚಿರಲಿಲ್ಲ. ಸ್ಟೇರಿಂಗಿನ ಮೇಲೆ ತಲೆಯಿಟ್ಟು, "ನನ್ನ ಹಣೇಲಿ ಬೆಸುಗೆಯೇ ಬರೆದಿದೆ ಅತ್ತೆ" ಅಂದಳು.

ಅಷ್ಟರಲ್ಲಿ ಹಿಂದಿನಿಂದ ಒಂದು ಬಿಳಿ ಕಾರು ನಿಧಾನವಾಗಿ ಬಂತು. ನಮ್ಮ ಸದಾಚಾರಿಗಳು! ಅವರೂ ದೇವಸ್ಥಾನದಿಂದ ಬರುತ್ತಿದ್ದರು. ಬದುಕಿದೆವು ಅಂದುಕೊಂಡು ನಾನು ಕೈಬೀಸಿದೆ. ಅವರು ಕಿಟಕಿ ಇಳಿಸಿದರು. ನಮ್ಮನ್ನು ಕಣ್ತುಂಬ ನೋಡಿದರು. ಸ್ಟೇರಿಂಗಿನಿಂದ ಎರಡೂ ಕೈ ಎತ್ತಿ ಭಕ್ತಿಯಿಂದ ನಮಸ್ಕಾರ ಮಾಡಿದರು. ಕಿಟಕಿ ಏರಿಸಿಕೊಂಡು ಹೊರಟುಹೋದರು.

ಸೊಸೆ ಬಾಯಿ ತೆರೆದು ನೋಡುತ್ತಿದ್ದಳು. "ಅತ್ತೆ, ಇದು ಬಾತುಕೋಳಿ!"

"ಯಾರೇ ಬಾತುಕೋಳಿ?" ಅಂದೆ ನಾನು. ಆಮೇಲೆ ಅರ್ಥವಾಯಿತು.

ಸ್ವಲ್ಪ ಹೊತ್ತಿಗೆ ಮುದಿ ಪಿಕಪ್ಪೊಂದು ಗಕ್ಕನೆ ನಿಂತಿತು. ಮಂಗಳೂರಿನ ಹುಡುಗ. ಪಕ್ಕದಲ್ಲಿ ಆ ಕೆಂಚುಕೂದಲಿನವಳು. ಅವನು ಬಿಳೀ ಷರಟು ಹಾಕಿಕೊಂಡು ಎಲ್ಲಿಗೋ ಪಾರ್ಟಿಗೆ ಹೊರಟಿದ್ದ.

"ಎಂತ ಆಯ್ತು ಅಮ್ಮ? ನೀವು ಒಳಗೆ ಕೂತ್ಕೊಳ್ಳಿ ಮಾರಾಯ್ರೆ, ಗಾಳಿ ಉಂಟು." ಬಾನೆಟ್ಟು ಎತ್ತಿ, ಇಂಜಿನ್ನಿಗೆ ಏನೇನೋ ಬೈದ. ಅರ್ಧ ಬೈಗುಳ ತುಳುವಿನಲ್ಲಿ, ಮಿಕ್ಕರ್ಧ ಇಂಗ್ಲಿಷಿನಲ್ಲಿ. ಎರಡೂ ನನಗೆ ಬರುವುದಿಲ್ಲ, ಬರದಿದ್ದದ್ದೇ ಒಳ್ಳೆಯದಾಯಿತು. ಒಡೆದ ಪೈಪಿಗೆ ಪಟ್ಟಿ ಸುತ್ತಿ, ತನ್ನ ಗಾಡಿಯಲ್ಲಿದ್ದ ನೀರೆಲ್ಲ ಸುರಿದ. ಏಳುವಾಗ ಷರಟು ಬಿಳಿ ಇರಲಿಲ್ಲ. ಮನೆಯ ತನಕ ನಮ್ಮ ಹಿಂದೆಯೇ ಬಂದ. ಆ ಹುಡುಗಿ ನಮ್ಮ ಕಾರಿನಲ್ಲೇ ಕೂತು ದಾರಿಯಲ್ಲಿ ನನಗೆ ತನ್ನ ಕೋಟು ಹೊದಿಸಿದಳು. ಮದುವೆ ವಿಚಾರ ಕೇಳೋಣ ಎಂದು ನಾಲಿಗೆ ತುದಿಗೆ ಬಂತು. ಇಂಗ್ಲಿಷು ಬರದೆ ಬಿಟ್ಟೆ.

ಮಾರನೆಯ ದಿನ ಸದಾಚಾರಿಗಳ ಫೋನು. "ಅಮ್ಮಾವ್ರೇ, ಕ್ಷೇಮವಾಗಿ ತಲುಪಿದ್ರಾ? ನಿಮ್ಮನ್ನ ನೋಡಿದ ಕ್ಷಣದಿಂದ ನಮ್ಮ ಮನೆ ಬರೋತನಕ ನಿಮಗೋಸ್ಕರ ಸಹಸ್ರನಾಮ ಹೇಳ್ಕೊಂಡೇ ಬಂದೆ."

"ಅದಕ್ಕೇ ಇಂಜಿನ್ ತಣ್ಣಗಾಯ್ತು" ಅಂದೆ.

"ನೋಡಿದ್ರಾ!" ಅಂದರು.

ಐರನಿ ಎಲ್ಲಿದೆ?

ಆ ಭಾನುವಾರ ಸೊಸೆ ಟೈಪ್‌ರೈಟರಿನ ಮುಂದೆ ಕೂತವಳು ಎದ್ದದ್ದು ಊಟಕ್ಕೆ ಮಾತ್ರ. ಬರೆದು ಮುಗಿಸಿ ನನಗೆ ಕನ್ನಡದಲ್ಲಿ ಹೇಳಿದಳು. ಒಂದು ಕಡೆಯೂ ಬೈದಿರಲಿಲ್ಲ. ಹೊಗಳಿಕೆ ಒಂದು ಕಡೆ, ಕೆಲಸ ಒಂದು ಕಡೆ, ನಡುವೆ ತಾನಿಲ್ಲ.

"ಮಿತಾಹಾರದ ಮೇಲೆ ನಮ್ಮ ಅಧ್ಯಕ್ಷರು ಮಾತಾಡಿದರೆ ಅದರ ಪರಿಣಾಮ ತಕ್ಷಣ ಆಗುತ್ತದೆ, ಕೇಳುವವರೆಲ್ಲ ಹಸಿದೇ ಕೂತಿರುತ್ತಾರೆ. ಮದ್ಯವೆಂದರೆ ಅವರಿಗೆ ಎಷ್ಟು ದ್ವೇಷವೆಂದರೆ ಕಣ್ಣಿಗೆ ಬಿದ್ದ ಬಾಟಲಿಯನ್ನು ಖಾಲಿ ಮಾಡದೆ ಬಿಡುವುದಿಲ್ಲ. ಕಷ್ಟದಲ್ಲಿದ್ದವರಿಗೆ ನೆರವಾದರೆ ಪುಣ್ಯ ಬರುತ್ತದೆಂದು ಅವರಿಗೆ ಗೊತ್ತು. ಅದಕ್ಕೇ ಅಂಥ ಅವಕಾಶವನ್ನು ತಾವು ದುರಾಸೆಯಿಂದ ಬಳಸಿಕೊಳ್ಳದೆ, ಹಿಂದೆ ಬರುವವರಿಗೆ ಬಿಟ್ಟುಕೊಟ್ಟು ಮುಂದೆ ಹೋಗುತ್ತಾರೆ."

ನಾನು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡೆ. ನಮ್ಮ ಅಗ್ರಹಾರದಲ್ಲಿ ಹುಟ್ಟಬೇಕಾಗಿದ್ದವಳು.

ಮೇಡಮ್ಮು ನಗಲಿಲ್ಲ. ಕರೆದು ಕೂರಿಸಿಕೊಂಡು ಕೇಳಿದರಂತೆ. "ಹಿರಿಯರ ಮೇಲೆ ನಿಮ್ಮವರಿಗೆ ಎಷ್ಟೊಂದು ಗೌರವ! ತುಂಬಾ ಹೃದಯ ತುಂಬಿ ಬರೆದಿದ್ದೀರಿ. ಆದರೆ ಐರನಿ ಎಲ್ಲಿದೆ?"

"ಇದೆಲ್ಲ ಐರನಿಯೇ ಮೇಡಮ್" ಅಂದಳಂತೆ ಸೊಸೆ.

"ಕಡುಬು ಕದ್ದ ಪಾದ್ರಿಯನ್ನು ನಿಜವಾಗಿಯೇ ಮಹಾತ್ಮ ಅಂದವರು ನೀವು. ಈಗ ತಮಾಷೆ ಮಾಡ್ತಿದ್ದೀರಿ ಅಂತ ನಾನು ಹೇಗೆ ನಂಬಲಿ? ಈ ಮನುಷ್ಯರು ನಿಜವಾಗಿಯೂ ದೊಡ್ಡವರೇ ಇರಬಹುದಲ್ಲ?"

ನೋಡಿ ಗ್ರಹಚಾರ! ಐರನಿ ಗೊತ್ತಿಲ್ಲ ಅಂತ ಒಂದು ಸಲ ಕೆಂಪು ಇಂಕು, ಗೊತ್ತಾದಮೇಲೆ ಓದಿದವರಿಗೆ ಗೊತ್ತೇ ಆಗುವುದಿಲ್ಲ ಅಂತ ಇನ್ನೊಂದು ಸಲ. ಮಾರ್ಕು ಕೊಡುವುದಕ್ಕೆ ಇನ್ನು ಸ್ವಲ್ಪವೇ ದಿನ. ಮಗ ಫ್ಯಾಕ್ಟರಿಯವರಿಗೆ ಫೋನು ಮಾಡಿ, ಯಾವಾಗಿಂದ ಬರಬಹುದು ಎಂದು ಕೇಳುವುದು ಅಡುಗೆಮನೆಯ ತನಕ ಕೇಳಿಸಿತು.

"ಇದರಲ್ಲಿ ಅಳೋದೇನಿದೆ?" ಅಂದೆ ಸೊಸೆಗೆ. "ಆ ಮನುಷ್ಯರನ್ನ ಒಂದ್ಸಲ ಮೇಡಮ್ಮಿಗೆ ತೋರಿಸಿಬಿಡು. ನಮ್ಮ ಯುಗಾದಿ ಊಟಕ್ಕೆ ಕರಿ. ಮಿಕ್ಕಿದ್ದು ಅವರೇ ನೋಡ್ಕೋತಾರೆ."

ಮೇಡಮ್ಮು ಬರುತ್ತೇನೆ ಅಂದರು. ಒಬ್ಬಟ್ಟಿನ ವಿಚಾರ ಎಲ್ಲೋ ಓದಿದ್ದರಂತೆ.

ಸದಾಚಾರಿಗಳು ಕಣ್ಣು ಒರೆಸಿಕೊಂಡದ್ದು

ಸೊಸೆ ಅಧ್ಯಕ್ಷರ ಮೇಲೆ ಬರೆದ ವಿಚಾರವನ್ನು ನಾನು ಯಾರಿಗೂ ಹೇಳಲಿಲ್ಲ. ಡಾಕ್ಟರ ಹೆಂಡತಿಗೆ ಮಾತ್ರ ಹೇಳಿದೆ, ಅದೂ ಫೋನಿನಲ್ಲಿ, ಅದೂ ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿ.

ಸಂಜೆಗೆ ಸದಾಚಾರಿಗಳು ನಮ್ಮ ಬಾಗಿಲಲ್ಲಿ. ಶಲ್ಯ ಬೇರೆ ಹೊದ್ದಿದ್ದಾರೆ. "ನನ್ನ ಮೇಲೆ ಏನೋ ಬರೆದಿದಾರಂತೆ? ಎಲ್ಲಿ, ನೋಡೋಣ."

ಸೊಸೆ ಅಡುಗೆಮನೆಗೆ ಓಡಿ ನಲ್ಲಿ ತಿರುಗಿಸಿದಳು. ಮಗನ ಮುಖ ಹಿಂಡಿದ ನಿಂಬೆಹಣ್ಣು. ನಾನೇ ಎದ್ದು ತಂದುಕೊಟ್ಟೆ. ಕೇಳಿದ ಮೇಲೆ ಕೊಡದಿರುವುದು ಮರ್ಯಾದೆಯಲ್ಲ, ಅದೂ ಅಲ್ಲದೆ ಓದುವಾಗ ಅವರ ಮುಖ ನೋಡಬೇಕೆಂದು ನನಗೆ ಆಸೆ.

ಮೊದಲ ಹಾಳೆ ಓದಿದರು. ತಲೆ ಆಡಿಸಿದರು. ಎರಡನೆಯ ಹಾಳೆ ಓದಿದರು. ಕನ್ನಡಕ ತೆಗೆದರು. ಬಾಟಲಿಯ ಸಾಲಿಗೆ ಬಂದಿರಬೇಕು, ಇನ್ನು ಗುಡುಗುತ್ತಾರೆ ಎಂದು ನಾನು ಸೆರಗು ಬಿಗಿ ಮಾಡಿಕೊಂಡೆ. ಅವರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು.

"ಇಷ್ಟು ವರ್ಷ ಈ ಜನಕ್ಕೋಸ್ಕರ ಬಾಯಿ ಒಣಗಿಸಿಕೊಂಡೆ ಅಮ್ಮಾವ್ರೇ. ಒಬ್ಬರಾದ್ರೂ ನನ್ನನ್ನ ಅರ್ಥ ಮಾಡ್ಕೊಂಡ್ರಲ್ಲ!" ಅಂದರು. ನನ್ನ ಮಗನ ಕೈ ಹಿಡಿದುಕೊಂಡು, "ಇಂಥಾ ಹೆಂಡತೀನ ಓದಿಸಬೇಕಪ್ಪ. ಬೆಸುಗೆ ಗಿಸುಗೆ ಅಂತ ಹಾಳು ಮಾಡಬೇಡ" ಎಂದು ಬುದ್ಧಿ ಹೇಳಿದರು.

ಆ ಹಾಳೆಗಳನ್ನು ಜೆರಾಕ್ಸು ಮಾಡಿಸಿ ಕೊಡುತ್ತೇನೆ ಎಂದು ತೆಗೆದುಕೊಂಡು ಹೋದರು. ಅವರು ಕೊಂಡುಹೋದದ್ದು ಯಾವುದೂ ಈ ತನಕ ವಾಪಸು ಬಂದಿಲ್ಲ, ಇದೊಂದು ಬಂತು.

ಬೇವು, ಬೆಲ್ಲ, ಭಾಷಣ

ಯುಗಾದಿ ಊಟ ಒಂದು ಸ್ಕೂಲಿನ ಊಟದ ಹಾಲ್‌ನಲ್ಲಿ. ಬೇವು ಸಿಗದೆ ಬೆಲ್ಲಕ್ಕೆ ಒಣಗಿದ ಮೆಂತ್ಯದ ಸೊಪ್ಪು ಬೆರೆಸಿದ್ದೆವು. ಮೇಡಮ್ಮು ಬಂದರು. ಬೆಳ್ಳಿ ಕೂದಲು, ಕಡ್ಡಿಯಂಥ ಶರೀರ, ನೆಟ್ಟಗೆ ಕೂರುವವರು. ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂರಿಸಿದೆವು. ಆಚೆ ಪಕ್ಕದಲ್ಲಿ ಸೊಸೆ, ಕೈ ಹಿಸುಕಿಕೊಳ್ಳುತ್ತಾ. ಸದಾಚಾರಿಗಳು ಮಾಮೂಲಿನ ಭಾಷಣ ಮಾಡಿದರೆ ಸಾಕು, ಡಬ್ಬಿ ತುಂಬಿಸಿಕೊಂಡರೆ ಸಾಕು, ಅಷ್ಟರಲ್ಲೇ ಮೇಡಮ್ಮಿಗೆ ಗೊತ್ತಾಗುತ್ತದೆ ಎಂಬುದು ನಮ್ಮ ಲೆಕ್ಕ.

ಆ ಪುಣ್ಯಾತ್ಮರು ನಮ್ಮ ಲೆಕ್ಕವನ್ನೆಲ್ಲ ಮೀರಿಸಿಬಿಟ್ಟರು. ಮುಂದಿನ ಸಾಲಿನಲ್ಲಿ ಅಮೆರಿಕದ ಮೇಡಮ್ಮನ್ನು ನೋಡಿದ್ದೇ ಅವರಿಗೆ ಉತ್ಸಾಹ ಉಕ್ಕಿತು. ಮೈಕಿನ ಮುಂದೆ ನಿಂತು, ಜೇಬಿನಿಂದ ಸೊಸೆಯ ಹಾಳೆಗಳ ಜೆರಾಕ್ಸನ್ನು ತೆಗೆದರು.

"ಇವತ್ತು ನಾನು ಮಾತಾಡೋದಿಲ್ಲ. ನನ್ನ ಬಗ್ಗೆ ಕಾಲೇಜಿನಲ್ಲಿ ಒಂದು ಸಂಶೋಧನೆ ಆಗಿದೆ. ಅದನ್ನ ಓದ್ತೀನಿ" ಅಂದರು. ಇಂಗ್ಲಿಷಿನಲ್ಲಿ ಓದತೊಡಗಿದರು.

ನನಗೆ ಇಂಗ್ಲಿಷು ಬರದಿದ್ದರೂ ಯಾವ ಸಾಲು ಎಲ್ಲಿ ಬಂತು ಎಂದು ಜನರ ಮುಖ ನೋಡಿಯೇ ಹೇಳುತ್ತಿದ್ದೆ. ಮಿತಾಹಾರದ ಸಾಲಿಗೆ, ಹಸಿದು ಕೂತಿದ್ದ ಸಭೆ ಪೂರ್ತಿ ಕೆಮ್ಮಿತು. ಬಾಟಲಿಯ ಸಾಲಿಗೆ ಡಾಕ್ಟರ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡರು. ಸದಾಚಾರಿಗಳು ಓದುವುದನ್ನು ನಿಲ್ಲಿಸಿ, ಜನ ಭಾವುಕರಾಗಿದ್ದಾರೆ ಎಂದು ತಿಳಿದು, "ಸಮಾಧಾನ, ಸಮಾಧಾನ, ಇನ್ನೂ ಇದೆ" ಅಂದರು.

ಮೇಡಮ್ಮು ನೆಟ್ಟಗೆ ಕೂತೇ ಇದ್ದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಸೊಸೆ ನನ್ನ ಕಡೆ ಬಗ್ಗಿ, "ಹೋಯ್ತು ಅತ್ತೆ, ಇವರಿಗೆ ಇನ್ನೂ ನಿಜ ಅಂತಾನೇ ಅನ್ನಿಸ್ತಿದೆ" ಎಂದು ಅಳುವ ದನಿಯಲ್ಲಿ ಹೇಳಿದಳು.

ಆಗ ಫ್ರೀವೇ ಸಾಲು ಬಂತು. ಸದಾಚಾರಿಗಳು ಅದನ್ನು ಓದಿ, ಕನ್ನಡಕ ಮೇಲೇರಿಸಿ, ವಿವರಣೆಗೆ ಇಳಿದರು. ಸೊಸೆ ಪಿಸುಗುಟ್ಟುತ್ತಾ ನನಗೆ ಒಪ್ಪಿಸಿದಳು.

"ಇದು ಕಲ್ಪನೆ ಅಲ್ಲ, ನಡೆದದ್ದು. ಈ ಅಮ್ಮಾವ್ರ ಕಾರು ನಿಂತಿತ್ತು. ನಾನು ನಿಲ್ಲಿಸಬಹುದಾಗಿತ್ತು. ಆದರೆ ಹಿಂದೆ ಆ ಹುಡುಗ ಬರ್ತಿರೋದು ಕನ್ನಡೀಲಿ ಕಾಣಿಸ್ತು. ಅವನ ಜೀವನ ನಿಮಗೆಲ್ಲ ಗೊತ್ತೇ ಇದೆ. ಎಲ್ಲಾ ಒಳ್ಳೆ ಕೆಲಸ ನಾನೇ ಮಾಡ್ಬಿಟ್ರೆ ಅಂಥೋರಿಗೆ ಪುಣ್ಯ ಎಲ್ಲಿಂದ ಬರಬೇಕು? ಅದಕ್ಕೇ ಗ್ಯಾಸ್ ಪೆಡಲು ಜೋರಾಗಿ ಒತ್ತಿದೆ."

ಬಾಗಿಲ ಹತ್ತಿರ ಮೇಜು ಹೊತ್ತು ನಿಂತಿದ್ದ ಮಂಗಳೂರಿನ ಹುಡುಗ ಮೇಜು ಕೆಳಗಿಟ್ಟು, ಎರಡೂ ಕೈ ಎತ್ತಿ ಮುಗಿದ. "ನಿಮ್ಮ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ ಮಾರಾಯ್ರೆ!"

"ನೋಡಿ, ಅವನೂ ಒಪ್ತಾನೆ" ಅಂದರು ಸದಾಚಾರಿಗಳು.

ನನ್ನ ಪಕ್ಕದಲ್ಲಿ ಕುಕ್ಕರು ಸೀಟಿ ಹೊಡೆದಂಥ ಸದ್ದಾಯಿತು. ಮೇಡಮ್ಮು. ತಡೆದುಕೊಂಡದ್ದೆಲ್ಲ ಒಟ್ಟಿಗೇ ಬಂತು. ಮುಖ ಮುಚ್ಚಿಕೊಳ್ಳಲು ಏನೂ ಸಿಗದೆ ನನ್ನ ಸೆರಗನ್ನೇ ಎಳೆದುಕೊಂಡು ಅದರೊಳಗೆ ನಕ್ಕರು. ಹೊರಗೆ ಬಂದಾಗ ಕಣ್ಣಿನ ಕಪ್ಪೆಲ್ಲ ನನ್ನ ಸೀರೆಯ ಮೇಲಿತ್ತು. ಸೊಸೆಯ ಕೈ ಹಿಡಿದು, "ಸಾಕು. ಇನ್ನು ನನಗೆ ಪುರಾವೆ ಬೇಡ. ನೀವು ಟೀಚರಾಗಿ" ಅಂದರಂತೆ.

ಸೊಸೆ ಪಾಸಾದಳು. ಬೆಸುಗೆ ಹಾಕುವ ಕೆಲಸಕ್ಕೆ ಬೇರೆ ಯಾರೋ ಸೇರಿದರು. ನಮ್ಮ ಮಗ, ತನಗೆ ಮೊದಲಿನಿಂದಲೂ ನಂಬಿಕೆ ಇತ್ತು ಎಂದು ಈಗ ಎಲ್ಲರಿಗೂ ಹೇಳುತ್ತಾನೆ. ಬಹಳ ಒಳ್ಳೆಯ ಹುಡುಗ.

ಸದಾಚಾರಿಗಳು ಆ ಜೆರಾಕ್ಸು ಹಾಳೆಗಳಿಗೆ ಗಾಜು ಹಾಕಿಸಿ, ಕಟ್ಟು ಹಾಕಿಸಿ, ತಮ್ಮ ಮನೆಯ ನಡುಕೋಣೆಯಲ್ಲಿ ನೇತುಹಾಕಿದ್ದಾರೆ. ಯಾರೇ ಹೋಗಲಿ, ಮೊದಲು ಅದರ ಮುಂದೆ ನಿಲ್ಲಿಸುತ್ತಾರೆ. ಇಂಗ್ಲಿಷು ಬರದ ನನ್ನಂಥವರಿಗೆ ತಾವೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾರೆ, ಒಂದು ಸಾಲೂ ಬಿಡುವುದಿಲ್ಲ. "ಇದರಲ್ಲಿ ಒಂದಕ್ಷರ ಸುಳ್ಳಿಲ್ಲ" ಎಂದು ನಾವು ಹೇಳಿದ ಮೇಲೆಯೇ ಒಳಗಿನಿಂದ ಕಾಫಿ ಬರುವುದು.

ನಾನು ಆ ಮನೆಯಲ್ಲಿ ಎಷ್ಟೋ ಸಲ ಕಾಫಿ ಕುಡಿದಿದ್ದೇನೆ. ದೇವರಾಣೆಗೂ, ಒಂದು ಸಲವೂ ಸುಳ್ಳು ಹೇಳಿ ಕುಡಿದದ್ದಲ್ಲ.